ಜೇನುತುಪ್ಪದ ವಿಳಾಸ

ಬೆಂಗಳೂರಿನ ಬನಶಂಕರಿ ದೇವಸ್ಥಾನವನ್ನು ನಡುಬಿಂದುವಾಗಿ ಇಟ್ಟುಕೊಂಡು ನಕ್ಷೆಯ ಮೇಲೆ ಎರಡು ಕಿಲೋಮೀಟರ್ ತ್ರಿಜ್ಯದ ಒಂದು ವೃತ್ತ ಎಳೆದರೆ ಅದರೊಳಗೆ ಏನೇನು ಬರುತ್ತದೆ? ಒಂದು ಕಡೆ ಜಯನಗರದ ಬ್ಲಾಕುಗಳು, ಇನ್ನೊಂದು ಕಡೆ ಜೆ.ಪಿ. ನಗರ, ಮತ್ತೊಂದು ಕಡೆ ಪದ್ಮನಾಭನಗರ. ಸಾರಕ್ಕಿ ಕೆರೆ, ಯಡಿಯೂರು ಕೆರೆ. ಕನಕಪುರ ರಸ್ತೆಯ ವಾಹನಗಳ ಸಾಲು, ಅದರ ಮೇಲೆ ಮೆಟ್ರೊ. ಸಾವಿರಾರು ಮನೆಗಳು, ಅವುಗಳ ಮಹಡಿಯಲ್ಲಿ ಗುಲಾಬಿ, ದಾಸವಾಳ, ಕರಿಬೇವಿನ ಕುಂಡಗಳು. ರಸ್ತೆಬದಿಯಲ್ಲಿ ಹೊಂಗೆ, ಮಳೆಮರ, ಆಕಾಶಮಲ್ಲಿಗೆ. ಒಟ್ಟು ಹನ್ನೆರಡೂವರೆ ಚದರ ಕಿಲೋಮೀಟರ್; ಎಕರೆ ಲೆಕ್ಕದಲ್ಲಿ ಸುಮಾರು 3,100.

ಈ ಮೂರು ಸಾವಿರ ಎಕರೆಯಲ್ಲಿ ವರ್ಷಕ್ಕೆ ಎಷ್ಟು ಕೀಟನಾಶಕ ಬೀಳುತ್ತದೆ? ದಾಸವಾಳಕ್ಕೆ ಬಿಳಿ ಹಿಟ್ಟಿನಂಥ ತಿಗಣೆ ಹತ್ತಿತೆಂದು ಯಾರೋ ಒಂದು ಸೀಸೆ ತಂದು ಸಿಂಪಡಿಸುತ್ತಾರೆ. ಹೊಸ ಮನೆಯ ಪಾಯಕ್ಕೆ ಗೆದ್ದಲು ಬಾರದಿರಲೆಂದು ಔಷಧಿ ಸುರಿಯುತ್ತಾರೆ. ಜಿರಳೆಗೆ ಒಂದು, ಸೊಳ್ಳೆಗೆ ಒಂದು. ಸಂಜೆಯ ಹೊತ್ತು ಪಾಲಿಕೆಯವರ ಹೊಗೆಯಂತ್ರ ಬೀದಿಯಲ್ಲಿ ಗುಡುಗುಡು ಎಂದು ಸಾಗುತ್ತದೆ. ಇದಾವುದಕ್ಕೂ ಒಂದೆಡೆ ಲೆಕ್ಕ ಇಲ್ಲ. ಹೊಲದ ಕೀಟನಾಶಕಕ್ಕೆ ಅಂಗಡಿಯ ರಸೀತಿಯಾದರೂ ಇರುತ್ತದೆ. ನಗರದ ಕೀಟನಾಶಕ ಚೂರುಚೂರಾಗಿ, ಮನೆಮನೆಯ ಅಟ್ಟದಿಂದ ಹೊರಬರುವಂಥದು. ಅಧಿಕಾರಿಯೊಬ್ಬರು ಮಣ್ಣು, ನೀರು, ಎಲೆಯ ಮಾದರಿ ಸಂಗ್ರಹಿಸಲು ಹೊರಟರೆ ಎಷ್ಟು ಮನೆಯ ಗಂಟೆ ಒತ್ತಬೇಕು!

ಗಂಟೆ ಒತ್ತದೆ, ಅನುಮತಿ ಕೇಳದೆ ಈ ಎಲ್ಲ ಕಾಂಪೌಂಡುಗಳ ಒಳಗೆ ದಿನವೂ ಹೋಗಿಬರುವ ತಂಡವೊಂದಿದೆ. ಅದು ಜೇನುನೊಣಗಳದು. ಅವು ಹೂವಿನಿಂದ ಹೂವಿಗೆ ಹೋಗಿ ತಂದು ಕೂಡಿಟ್ಟ ತುಪ್ಪದಲ್ಲಿ ಆ ಮೂರು ಸಾವಿರ ಎಕರೆಯ ಒಂದು ಸರಾಸರಿ ಲೆಕ್ಕ ತಾನಾಗಿಯೇ ಬರೆದಿಟ್ಟಂತಾಗಿರುತ್ತದೆ. ಜೇನುತುಪ್ಪವನ್ನು ಪರೀಕ್ಷಿಸಿ ಸುತ್ತಣ ಪರಿಸರದಲ್ಲಿ ಕೀಟನಾಶಕ ಎಷ್ಟಿದೆ ಎಂದು ತಿಳಿಯುವ ವಿಧಾನ ನಿಂತಿರುವುದು ಈ ಸರಳ ಸಂಗತಿಯ ಮೇಲೆ.

ಸಂಗ್ರಹಕಾರರು ನಾಲ್ವರು

ನಮ್ಮಲ್ಲಿ ಜೇನು ಎಂದರೆ ಒಂದೇ ಜಾತಿಯದಲ್ಲ. ಎತ್ತರದ ಮರ, ಬಂಡೆ, ನೀರಿನ ಟ್ಯಾಂಕು, ಬಹುಮಹಡಿ ಕಟ್ಟಡದ ಸಜ್ಜಗಳಿಗೆ ಒಂದೇ ಒಂದು ದೊಡ್ಡ ಎರಿ ಕಟ್ಟಿ ತೂಗುವುದು ಹೆಜ್ಜೇನು. ಮರದ ಪೊಟರೆ, ಹುತ್ತ, ಗೋಡೆಯ ಬಿರುಕುಗಳಲ್ಲಿ ಹಲವು ಎರಿ ಕಟ್ಟುವುದು ತುಡುವೆ. ಪೆಟ್ಟಿಗೆಯಲ್ಲಿ ಸಾಕಲು ಒಗ್ಗುವುದು ಇದೇ. ಪೊದೆಯ ಕಡ್ಡಿಗೆ ಅಂಗೈಯಗಲದ ಎರಿ ಕಟ್ಟುವುದು ಕೋಲುಜೇನು. ಕಚ್ಚದ, ಇರುವೆಯಷ್ಟೇ ಗಾತ್ರದ, ಗೋಡೆಯ ತೂತಿನಲ್ಲಿ ಮೇಣದ ಕೊಳವೆ ಮಾಡಿಕೊಂಡು ಬದುಕುವುದು ಮುಜಂಟಿ ಅಥವಾ ಮಿಸ್ರಿ. ಇವಲ್ಲದೆ ಯುರೋಪಿನ ಜೇನೂ ಪೆಟ್ಟಿಗೆಗಳಲ್ಲಿ ಬಂದಿದೆ. ದಕ್ಷಿಣ ಬೆಂಗಳೂರಿನಲ್ಲಿ ಕಣ್ಣಿಟ್ಟು ನೋಡಿದವರಿಗೆ ನಾಲ್ಕೂ ನಾಡಜೇನುಗಳು ಸಿಗುತ್ತವೆ.

ಒಂದೊಂದರ ಹಾರಾಟದ ದೂರ ಬೇರೆ. ಮುಜಂಟಿ ಕೆಲವು ನೂರು ಮೀಟರಿಗೆ ತೃಪ್ತಿಪಡುತ್ತದೆ. ತುಡುವೆ ಸಾಮಾನ್ಯವಾಗಿ ಒಂದು, ಒಂದೂವರೆ ಕಿಲೋಮೀಟರಿನ ಒಳಗೇ ಸುತ್ತುತ್ತದೆ. ಹೆಜ್ಜೇನು ಎರಡು ಮೂರು ಕಿಲೋಮೀಟರ್ ದಾಟಿ ಹೋಗಬಲ್ಲದು; ಬೆಳದಿಂಗಳ ರಾತ್ರಿಯಲ್ಲೂ ಮೇವಿಗೆ ಹೊರಡುವುದು ಅದರ ವಿಶೇಷ. ಹೀಗಾಗಿ ಒಂದೇ ಕಟ್ಟಡದ ಗೋಡೆಯ ಮುಜಂಟಿ ಗೂಡು ಆ ಬೀದಿಯ ಸುದ್ದಿ ಹೇಳಿದರೆ, ಮೇಲಿನ ಸಜ್ಜದ ಹೆಜ್ಜೇನು ಇಡೀ ಬಡಾವಣೆಯ ಸುದ್ದಿ ಹೇಳುತ್ತದೆ.

ಒಂದು ಕಿಲೋ ಜೇನುತುಪ್ಪ ಆಗಬೇಕಾದರೆ ನೊಣಗಳು ಸುಮಾರು ನಲವತ್ತು ಲಕ್ಷ ಹೂವುಗಳಿಗೆ ಭೇಟಿ ಕೊಡಬೇಕೆಂಬುದು ಜೇನುಕೃಷಿಯ ಪುಸ್ತಕಗಳು ಸಾಮಾನ್ಯವಾಗಿ ಕೊಡುವ ಲೆಕ್ಕ. ಯಾವ ಸರ್ಕಾರಿ ಇಲಾಖೆಯೂ ಇಷ್ಟು ಕಡೆಯಿಂದ ಮಾದರಿ ಸಂಗ್ರಹಿಸಲಾರದು. ಹೂವಿನ ಮಕರಂದದಲ್ಲಿ ಮುಕ್ಕಾಲು ಪಾಲಿನವರೆಗೂ ನೀರೇ ಇರುವುದುಂಟು. ಗೂಡಿನೊಳಗೆ ನೊಣಗಳು ರೆಕ್ಕೆ ಬೀಸಿ ಬೀಸಿ ಆ ನೀರನ್ನು ಐದರಲ್ಲೊಂದು ಪಾಲಿಗೆ ಇಳಿಸುತ್ತವೆ. ಮಕರಂದದಲ್ಲಿದ್ದ ಸಕ್ಕರೆ ಗಟ್ಟಿಯಾದ ಹಾಗೆ ಅದರಲ್ಲಿ ಬೆರೆತ ಬೇರೆ ವಸ್ತುಗಳೂ, ನಡುವೆ ಕರಗಿ ನಾಶವಾಗದಿದ್ದರೆ, ಗಟ್ಟಿಯಾಗುತ್ತವೆ. ಅಲ್ಲದೆ ನೊಣದ ಮೈತುಂಬ ರೋಮ. ಹಾರುವಾಗ ಆ ಮೈಗೆ ಸಣ್ಣ ವಿದ್ಯುದಾವೇಶ ಕೂಡುವುದರಿಂದ ಪರಾಗದ ಜತೆಗೆ ಗಾಳಿಯ ದೂಳೂ ಅಂಟಿಕೊಳ್ಳುತ್ತದೆ. ಅವು ಕುಡಿಯುವ ನೀರು ಕೆರೆಯದಾಗಿರಬಹುದು, ಚರಂಡಿಯದಾಗಿರಬಹುದು, ಯಾರದೋ ಮಹಡಿಯ ಸೋರುವ ನಲ್ಲಿಯದಾಗಿರಬಹುದು.

ಹೂವಿಗೆ ವಿಷ ಸೇರುವುದು ಎರಡು ಬಗೆಯಲ್ಲಿ. ಅರಳಿದ ಹೂವಿನ ಮೇಲೆಯೇ ಸಿಂಪಡಿಸಿದ್ದು ಒಂದು. ಎರಡನೆಯದು ಕಣ್ಣಿಗೆ ಕಾಣದ ಬಗೆ. ಇಮಿಡಾಕ್ಲೋಪ್ರಿಡ್‌ನಂಥ ನಿಯೋನಿಕೋಟಿನಾಯ್ಡ್ ಗುಂಪಿನ ಕೀಟನಾಶಕಗಳು ಗಿಡದ ರಸದಲ್ಲಿ ಬೆರೆತು ಬೇರಿನಿಂದ ತುದಿಯವರೆಗೆ ಹರಿಯುತ್ತವೆ. ಬಿತ್ತನೆಬೀಜಕ್ಕೆ ಲೇಪಿಸಿದರೂ ಸಾಕು, ತಿಂಗಳುಗಳ ಮೇಲೆ ಬಿಡುವ ಹೂವಿನ ಮಕರಂದದಲ್ಲಿ ಅದರ ಅಂಶ ಕಾಣಿಸಿಕೊಳ್ಳಬಹುದು. ಸೂರ್ಯಕಾಂತಿ, ಹತ್ತಿಯ ಬೀಜಗಳಿಗೆ ಈ ಲೇಪ ನಮ್ಮ ರಾಜ್ಯದಲ್ಲೂ ಬಳಕೆಯಲ್ಲಿದೆ. ಮಾವು ಹೂಬಿಡುವ ಕಾಲಕ್ಕೆ ಜಿಗಿಹುಳುವಿನ ಕಾಟಕ್ಕೆಂದು ಸಿಂಪಡಿಸುವುದೂ ಇದನ್ನೇ. ಹೂಬಿಡುವ ಕಾಲವೆಂದರೆ ಜೇನಿಗೆ ಸುಗ್ಗಿಯ ಕಾಲ ಎಂಬುದನ್ನು ನೆನಪಿಡಬೇಕು.

ಸಾಕ್ಷಿ ಹೇಳಿಸಿದವರು

ಜೇನುನೊಣವನ್ನು ಮಾಲಿನ್ಯದ ಸಾಕ್ಷಿಯಾಗಿ ಕರೆಯುವ ಯೋಚನೆ ಹೊಸದೇನಲ್ಲ. 1930ರ ದಶಕದಲ್ಲಿಯೇ ಜೆಕೊಸ್ಲೊವಾಕಿಯಾದಲ್ಲಿ ಕೈಗಾರಿಕೆಯ ಹೊಗೆಯಿಂದ ಬಿದ್ದ ಆರ್ಸೆನಿಕ್‌ಗೂ ಜೇನಿನ ಸಾವಿಗೂ ಇರುವ ನಂಟನ್ನು ದಾಖಲಿಸಲಾಗಿತ್ತು. 1985ರಲ್ಲಿ ಅಮೆರಿಕದ ಮೊಂಟಾನಾದ ಜೆರ್ರಿ ಬ್ರೊಮೆನ್‌ಶೆಂಕ್ ಮತ್ತು ಸಂಗಡಿಗರು ಪ್ಯೂಜೆಟ್ ಸೌಂಡ್ ಎಂಬ ಕರಾವಳಿ ಪ್ರದೇಶದಲ್ಲಿ ಹವ್ಯಾಸಿ ಜೇನುಸಾಕಣೆಗಾರರ ನೆರವು ಪಡೆದು, ಅವರ ಪೆಟ್ಟಿಗೆಗಳ ನೊಣಗಳಲ್ಲಿ ಆರ್ಸೆನಿಕ್, ಕ್ಯಾಡ್ಮಿಯಂ, ಫ್ಲೋರೈಡ್ ಎಷ್ಟಿದೆಯೆಂದು ಅಳೆದು ಇಡೀ ಪ್ರದೇಶದ ಮಾಲಿನ್ಯದ ನಕ್ಷೆಯನ್ನೇ ಬಿಡಿಸಿದರು. ಯಂತ್ರಗಳನ್ನು ನೆಟ್ಟು ಮಾಡಬೇಕಾದ ಕೆಲಸವನ್ನು ಹಿತ್ತಲಿನ ಪೆಟ್ಟಿಗೆಗಳು ಮಾಡಿದ್ದವು. ಇಟಲಿಯ ಬೊಲೊನ್ಯಾದಲ್ಲಿ ಜಾರ್ಜಿಯೊ ಚೆಲ್ಲಿ ಮತ್ತವರ ತಂಡ ಕೀಟನಾಶಕಕ್ಕೇ ಈ ಉಪಾಯ ಹೂಡಿತು. ಪೆಟ್ಟಿಗೆಯ ಬಾಗಿಲ ಕೆಳಗೆ ಬುಟ್ಟಿಯಿಟ್ಟು ಸತ್ತು ಬಿದ್ದ ನೊಣಗಳನ್ನು ವಾರವಾರ ಎಣಿಸುವುದು, ಎಣಿಕೆ ಹಠಾತ್ತನೆ ಏರಿದರೆ ಆ ನೊಣಗಳನ್ನು ಪ್ರಯೋಗಾಲಯಕ್ಕೆ ಕಳಿಸಿ ಯಾವ ವಿಷ ಎಂದು ಪತ್ತೆ ಮಾಡುವುದು.

ತುಪ್ಪವನ್ನೇ ಆಧರಿಸಿದ ದೊಡ್ಡ ಸಮೀಕ್ಷೆಯೆಂದರೆ ಸ್ವಿಟ್ಜರ್‌ಲೆಂಡಿನ ನ್ಯೂಷಾಟೆಲ್ ವಿಶ್ವವಿದ್ಯಾಲಯದವರು 2017ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ್ದು. ಅಂಟಾರ್ಕ್ಟಿಕಾ ಒಂದನ್ನು ಬಿಟ್ಟು ಉಳಿದೆಲ್ಲ ಖಂಡಗಳಿಂದ ಬಂದ 198 ಮಾದರಿಗಳನ್ನು ಅವರು ಐದು ನಿಯೋನಿಕೋಟಿನಾಯ್ಡುಗಳಿಗಾಗಿ ಪರೀಕ್ಷಿಸಿದರು. ನೂರಕ್ಕೆ 75 ಮಾದರಿಗಳಲ್ಲಿ ಒಂದಾದರೂ ಸಿಕ್ಕಿತು. 45ರಲ್ಲಿ ಎರಡು ಅಥವಾ ಹೆಚ್ಚು. ಏಷ್ಯಾದ ಮಾದರಿಗಳ ಪೈಕಿ ನೂರಕ್ಕೆ 80ರಲ್ಲಿ ಸಿಕ್ಕಿತು. ಪ್ರಮಾಣ ಮಾತ್ರ ಅತ್ಯಲ್ಪ. ವಿಷ ಸಿಕ್ಕ ಮಾದರಿಗಳಲ್ಲಿ ಸರಾಸರಿ ಒಂದು ಗ್ರಾಂ ತುಪ್ಪಕ್ಕೆ 1.8 ನ್ಯಾನೊಗ್ರಾಂ. ಬಹುತೇಕ ಮಾದರಿಗಳು ಮನುಷ್ಯರಿಗೆ ನಿಗದಿಯಾದ ಮಿತಿಯ ಒಳಗೇ ಇದ್ದವು. ನೊಣಗಳಿಗೆ ಅದು ಅಲ್ಪವಲ್ಲ. ದಾರಿ ಮರೆಯುವಂಥ, ಕಲಿತದ್ದನ್ನು ಮರೆಯುವಂಥ ತೊಂದರೆ ಈ ಮಟ್ಟದಲ್ಲಿಯೇ ಶುರುವಾಗಬಹುದು. ಮರುವರ್ಷ, 2018ರಲ್ಲಿ, ಯುರೋಪಿನ ಒಕ್ಕೂಟ ಈ ಗುಂಪಿನ ಮೂರು ಪ್ರಮುಖ ಕೀಟನಾಶಕಗಳನ್ನು ಬಯಲು ಬೆಳೆಗಳಿಗೆ ಬಳಸಬಾರದೆಂದು ನಿಷೇಧಿಸಿತು.

ಇಷ್ಟು ಅಲ್ಪ ಪ್ರಮಾಣವನ್ನು ಅಳೆಯುವುದು ಹೇಗೆ? ಶತಕೋಟಿಯಲ್ಲಿ ಒಂದು ಪಾಲು ಎಂದರೆ ಹತ್ತು ಟನ್ನಿನ ನೂರು ಲಾರಿಗಳಲ್ಲಿ ಸಕ್ಕರೆ ತುಂಬಿ ಅದರಲ್ಲಿ ಒಂದು ಗ್ರಾಂ ಉಪ್ಪು ಹುಡುಕಿದಂತೆ. ತುಪ್ಪವನ್ನು ನೀರಿನಲ್ಲಿ ಕದಡಿ, ಅಸಿಟೊನೈಟ್ರೈಲ್ ಎಂಬ ದ್ರಾವಕ ಸೇರಿಸಿ, ಉಪ್ಪು ಹಾಕಿ ಕುಲುಕಿದರೆ ಸಕ್ಕರೆ ನೀರಿನಲ್ಲಿ ಉಳಿದು ಕೀಟನಾಶಕ ದ್ರಾವಕಕ್ಕೆ ಬರುತ್ತದೆ. 2003ರಲ್ಲಿ ಪ್ರಕಟವಾದ ಈ ಸುಲಭ ವಿಧಾನ ಇಂದು ಜಗತ್ತಿನ ಪ್ರಯೋಗಾಲಯಗಳಲ್ಲೆಲ್ಲ ರೂಢಿಯಲ್ಲಿದೆ. ಮುಂದೆ ಕ್ರೊಮೆಟೋಗ್ರಾಫ್ ಯಂತ್ರ ಅದರಲ್ಲಿರುವ ವಸ್ತುಗಳನ್ನು ಒಂದೊಂದಾಗಿ ಬಿಡಿಸಿಕೊಡುತ್ತದೆ, ಮಾಸ್ ಸ್ಪೆಕ್ಟ್ರೋಮೀಟರ್ ಒಂದೊಂದರ ಅಣುವನ್ನು ತೂಗಿ ಹೆಸರು ಹೇಳುತ್ತದೆ. ನೂರಾರು ಕೀಟನಾಶಕಗಳನ್ನು ಒಂದೇ ಸಲಕ್ಕೆ ಹುಡುಕಬಹುದು. ಅದೇ ತುಪ್ಪದ ಪರಾಗವನ್ನು ಸೂಕ್ಷ್ಮದರ್ಶಕದ ಕೆಳಗೆ ನೋಡಿದರೆ ಅದು ಹೊಂಗೆಯದೋ, ನೇರಳೆಯದೋ, ಸೂರ್ಯಕಾಂತಿಯದೋ ಗೊತ್ತಾಗುತ್ತದೆ. ವಿಷದ ಹೆಸರು, ಹೂವಿನ ಹೆಸರು ಎರಡೂ ಸಿಕ್ಕರೆ ಸಿಂಪಡಣೆ ನಡೆದದ್ದೆಲ್ಲಿ ಎಂಬ ಊಹೆಗೆ ಒಂದು ಆಧಾರ ಬಂದಂತೆ.

ಸಾಕ್ಷಿಯ ಮಿತಿ

ಹಾಗೆಂದು ಜೇನುತುಪ್ಪ ಎಲ್ಲವನ್ನೂ ಹೇಳುತ್ತದೆಂದು ತಿಳಿಯಬಾರದು. ಘೋರ ವಿಷ ತಗುಲಿದ ನೊಣ ದಾರಿಯಲ್ಲೇ ಸಾಯುತ್ತದೆ, ಗೂಡಿಗೆ ಮರಳುವುದೇ ಇಲ್ಲ. ಅದು ತರಬೇಕಾಗಿದ್ದ ಮಕರಂದವೂ ಬರುವುದಿಲ್ಲ. ಹಾಗಾಗಿ ತುಪ್ಪ ಶುದ್ಧವಾಗಿದೆ ಎಂಬ ವರದಿಗೆ ಎರಡು ಅರ್ಥ ಸಾಧ್ಯ. ಪರಿಸರ ಚೆನ್ನಾಗಿರಬಹುದು, ಸುದ್ದಿ ತರಬೇಕಾದವರು ಸತ್ತಿರಲೂಬಹುದು. ಬತ್ತದ ಗದ್ದೆಯ ಬಗ್ಗೆ ತುಪ್ಪವನ್ನು ಕೇಳಿ ಪ್ರಯೋಜನವಿಲ್ಲ, ಬತ್ತದ ಹೂವಿನಲ್ಲಿ ಮಕರಂದವೇ ಇಲ್ಲ.

ಇನ್ನೊಂದು ಮಿತಿ ರಸಾಯನಶಾಸ್ತ್ರದ್ದು. ತುಪ್ಪವೆಂದರೆ ಸಕ್ಕರೆ ಮತ್ತು ನೀರು. ನೀರಿನಲ್ಲಿ ಕರಗುವ ನಿಯೋನಿಕೋಟಿನಾಯ್ಡುಗಳು ಅದರಲ್ಲಿ ಸುಲಭವಾಗಿ ಕೂರುತ್ತವೆ. ಡಿ.ಡಿ.ಟಿ., ಎಂಡೋಸಲ್ಫಾನ್, ಸೊಳ್ಳೆಬತ್ತಿಯ ಪೈರೆಥ್ರಾಯ್ಡುಗಳು ಕೊಬ್ಬಿನಲ್ಲಿ ಕರಗುವ ಜಾತಿ. ಅವು ಹುಡುಕಿಕೊಂಡು ಹೋಗುವುದು ಜೇನುಮೇಣವನ್ನು. ತುಪ್ಪ ಈ ಋತುವಿನ ದಿನಚರಿಯಾದರೆ ಮೇಣ ಹಲವು ಕಾಲದ ಕಡತ. ಎರಡನ್ನೂ ಓದದೆ ತೀರ್ಪು ಕೊಡುವಂತಿಲ್ಲ. ಸಾಕಣೆಗಾರರೇ ಪೆಟ್ಟಿಗೆಯಲ್ಲಿ ಉಣ್ಣೆಗಳನ್ನು ಕೊಲ್ಲಲು ಔಷಧಿ ಇಟ್ಟಿದ್ದರೆ ಅದೂ ಈ ಕಡತದಲ್ಲಿ ಸೇರಿಕೊಂಡಿರುತ್ತದೆ.

ಎಲ್ಲಕ್ಕಿಂತ ಮುಖ್ಯವಾದ ಷರತ್ತು ಬೇರೆಯೇ ಇದೆ. ತುಪ್ಪಕ್ಕೆ ವಿಳಾಸ ಇರಬೇಕು: ಯಾವ ಗೂಡು, ಯಾವ ಊರು, ಯಾವ ತಿಂಗಳು. ಅಂಗಡಿಯ ಸೀಸೆಯಲ್ಲಿ ಸಿಗುವ ತುಪ್ಪ ಹತ್ತಾರು ಕಡೆಯಿಂದ ಪೀಪಾಯಿಗಳಲ್ಲಿ ಬಂದು, ಕಾಯಿಸಿ, ಸೋಸಿ, ಒಂದರೊಳಗೊಂದು ಬೆರೆತದ್ದು. ಅಭಿಷೇಕದ ಪಂಚಾಮೃತಕ್ಕೆ ಅದು ಸಾಕು, ಸಾಕ್ಷಿಗೆ ಸಾಲದು. ಸಕ್ಕರೆ ಪಾಕದ ಕಲಬೆರಕೆಯ ಕಥೆಯಂತೂ 2020ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರದ ವರದಿಯಿಂದ ದೇಶಕ್ಕೆಲ್ಲ ತಿಳಿಯಿತು. ಅದರ ಮರುವರ್ಷ ಕೇಂದ್ರ ಸರ್ಕಾರ ತುಪ್ಪದ ಮೂಲ ಗುರುತಿಸಲು ‘ಮಧುಕ್ರಾಂತಿ’ ಎಂಬ ನೋಂದಣಿ ವ್ಯವಸ್ಥೆ ಆರಂಭಿಸಿತು. ಅದರ ಉದ್ದೇಶ ಕಲಬೆರಕೆ ತಡೆಯುವುದು. ಪರಿಸರದ ಕಾವಲಿಗೂ ಅದೇ ನೋಂದಣಿ ಒದಗಬಲ್ಲದು ಎಂಬ ಮಾತು ಮಾತ್ರ ಅಷ್ಟಾಗಿ ಕೇಳಿಬಂದಿಲ್ಲ.

ಗೇರುಗುಡ್ಡದ ಕೆಳಗೆ

ವಿಳಾಸವಿದ್ದ ತುಪ್ಪ ಮೇಣಗಳನ್ನು ಯಾರೂ ತೆಗೆದಿಡದೆ ಹೋದರೆ ಏನಾಗುತ್ತದೆಂಬುದಕ್ಕೆ ದೂರ ಹೋಗಬೇಕಿಲ್ಲ. ಕಾಸರಗೋಡು ಜಿಲ್ಲೆಯ ಎಣ್ಮಕಜೆ ಪಂಚಾಯತಿನ ಪಡ್ರೆ, ಸ್ವರ್ಗ ಮೊದಲಾದವು ಕನ್ನಡ, ತುಳು ಮಾತಾಡುವ ಹಳ್ಳಿಗಳು. ಗುಡ್ಡದ ನೆತ್ತಿಯಲ್ಲಿ ಕೇರಳದ ತೋಟಗಾರಿಕಾ ನಿಗಮದ ಗೇರುತೋಟ; ಕೆಳಗೆ ಅಡಿಕೆತೋಟ, ಮನೆ, ತೋಡು, ಬಾವಿ. ಜಿಲ್ಲೆಯಲ್ಲಿ ನಿಗಮದ ಗೇರುತೋಟಗಳ ಒಟ್ಟು ವಿಸ್ತಾರ ನಾಲ್ಕೂವರೆ ಸಾವಿರ ಹೆಕ್ಟೇರಿಗೂ ಮಿಗಿಲು. 1970ರ ದಶಕದ ಉತ್ತರಾರ್ಧದಿಂದ 2000ದವರೆಗೆ, ಚಹಾ ಸೊಳ್ಳೆ ಎಂಬ ಕೀಟದ ಹೆಸರಿನಲ್ಲಿ, ಈ ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ವರ್ಷಕ್ಕೆ ಎರಡು ಮೂರು ಬಾರಿ ಎಂಡೋಸಲ್ಫಾನ್ ಸುರಿಯಲಾಯಿತು. ಗೇರು ಚಿಗುರಿ ಹೂಬಿಡುವ ಚಳಿಗಾಲ, ಬೇಸಗೆಯ ಆರಂಭವೇ ಸಿಂಪಡಣೆಯ ಕಾಲ. ಅದೇ ಹೊತ್ತಿಗೆ ಜೇನುಗಳೂ ಆ ಹೂವುಗಳ ಮೇಲಿರುತ್ತವೆ.

ಕರಾವಳಿಯ ಅಡಿಕೆ ಸೀಮೆಯಲ್ಲಿ ತೋಟದ ಅಂಚಿಗೆ ನಾಲ್ಕಾರು ಜೇನುಪೆಟ್ಟಿಗೆ ಇಡುವುದು ಹಳೆಯ ರೂಢಿ. ಜೇನು ಇಲ್ಲವಾಯಿತು, ತೋಡಿನ ಮೀನು, ಕಪ್ಪೆಗಳು ಕಾಣದಾದವು ಎಂದು ಊರವರು ಆಡಿಕೊಳ್ಳತೊಡಗಿದ್ದು ಮಕ್ಕಳ ಕಾಯಿಲೆಗಳು ಸುದ್ದಿಯಾಗುವುದಕ್ಕೆ ಬಹಳ ಮೊದಲು. ಅಂಗವಿಕಲ ಕರುಗಳು ಹುಟ್ಟುತ್ತಿರುವುದರ ಬಗ್ಗೆ ಕೃಷಿ ಪತ್ರಕರ್ತ ಶ್ರೀಪಡ್ರೆ 1980ರ ಆಸುಪಾಸಿನಲ್ಲಿಯೇ ಬರೆದರು. ತಮ್ಮ ರೋಗಿಗಳಲ್ಲಿ ಒಂದೇ ಊರಿನ, ಒಂದೇ ತೆರನಾದ ಕಾಯಿಲೆಗಳು ಹೆಚ್ಚುತ್ತಿವೆಯೆಂದು ವಾಣಿನಗರದ ವೈದ್ಯ ಡಾ. ವೈ.ಎಸ್. ಮೋಹನಕುಮಾರ್ 1990ರ ದಶಕದಲ್ಲಿ ಬೊಟ್ಟುಮಾಡಿದರು. ಪ್ರಯೋಗಾಲಯದ ಪುರಾವೆ ಬಂದದ್ದು 2001ರಲ್ಲಿ. ವಿಜ್ಞಾನ ಮತ್ತು ಪರಿಸರ ಕೇಂದ್ರ ಪಡ್ರೆಯ ನೀರು, ಮಣ್ಣು, ಜನರ ರಕ್ತದಲ್ಲೂ ಎಂಡೋಸಲ್ಫಾನ್ ಇದೆಯೆಂದು ತೋರಿಸಿತು. ಅಷ್ಟರಲ್ಲಿ ಸಿಂಪಡಣೆಗೆ ಇಪ್ಪತ್ತು ವರ್ಷ ಮೀರಿತ್ತು. ಗಡಿಯ ಈಚೆ ಬೆಳ್ತಂಗಡಿ ತಾಲ್ಲೂಕಿನ ಕೊಕ್ಕಡ ಸುತ್ತಿನ ಹಳ್ಳಿಗಳದೂ ಇದೇ ಪಾಡು. ಅಲ್ಲಿ ಸಿಂಪಡಿಸಿದ್ದು ಕರ್ನಾಟಕದ್ದೇ ಗೇರು ನಿಗಮ. ಕರ್ನಾಟಕ 2011ರ ಫೆಬ್ರುವರಿಯಲ್ಲಿ ಎಂಡೋಸಲ್ಫಾನ್ ನಿಷೇಧಿಸಿತು. ಅದೇ ವರ್ಷದ ಮೇ 13ರಂದು ಸುಪ್ರೀಂ ಕೋರ್ಟು ದೇಶದಾದ್ಯಂತ ಅದರ ತಯಾರಿಕೆ, ಮಾರಾಟಗಳನ್ನು ತಡೆಯಿತು.

ಇಲ್ಲೊಂದು ವಿಪರ್ಯಾಸ. ಎಂಡೋಸಲ್ಫಾನನ್ನು ಮಾರುವಾಗ ಅದರ ಪರವಾಗಿ ಹೇಳುತ್ತಿದ್ದ ಮಾತುಗಳಲ್ಲೊಂದು, ಇದು ಜೇನಿಗೆ ಅಷ್ಟೇನೂ ಅಪಾಯಕಾರಿಯಲ್ಲ ಎಂಬುದು. ಪ್ರಯೋಗಾಲಯದಲ್ಲಿ ಬೇರೆ ಕೀಟನಾಶಕಗಳ ಜತೆ ಹೋಲಿಸಿ ಹೇಳಿದ ಮಾತದು. ಹೂಬಿಟ್ಟ ಗುಡ್ಡದ ಮೇಲೆ ಆಕಾಶದಿಂದ ಸುರಿದಾಗ ಏನಾಗುತ್ತದೆಂಬುದು ಬೇರೆ ಪ್ರಶ್ನೆ. ಆ ಇಪ್ಪತ್ತು ವರ್ಷಗಳಲ್ಲಿ ಎಣ್ಮಕಜೆಯ ಯಾವುದಾದರೂ ಒಂದು ಪೆಟ್ಟಿಗೆಯ ಮೇಣವನ್ನು ವರ್ಷಕ್ಕೊಮ್ಮೆ ತಾರೀಕು ಬರೆದು ತೆಗೆದಿಟ್ಟಿದ್ದರೆ, ವಿಷ ಗುಡ್ಡದಿಂದ ಎಷ್ಟು ಕೆಳಗಿಳಿದಿತ್ತು, ಯಾವ ವರ್ಷ ಹೆಚ್ಚಿತು ಎಂಬ ಪ್ರಶ್ನೆಗಳಿಗೆ ಉತ್ತರ ಹುಡುಕಬಹುದಿತ್ತು. ಹಾಗೆ ಮಾಡಬೇಕೆಂದು ಸಾಕಣೆಗಾರರಿಗೆ ಹೇಳಿದವರಿಲ್ಲ. ನಷ್ಟಪರಿಹಾರದ ಅರ್ಜಿ ಹಿಡಿದು ನಿಂತ ಕುಟುಂಬಗಳನ್ನು ‘ಸಿಂಪಡಣೆಯಿಂದಲೇ ಆದದ್ದೆಂಬುದಕ್ಕೆ ಪುರಾವೆ ಏನು’ ಎಂಬ ಪ್ರಶ್ನೆ ಮುಂದೆ ವರ್ಷಗಟ್ಟಲೆ ಕಾಡಿತು.

ಹಾಗಾದರೆ ಜೇನು ಸತ್ತಲ್ಲೆಲ್ಲ ಕೀಟನಾಶಕವೇ ಕಾರಣವೇ? ಇಲ್ಲ. ಕೊಡಗಿನ ಕಥೆ ಅದಕ್ಕೆ ಎಚ್ಚರಿಕೆ. ವಿರಾಜಪೇಟೆಯಲ್ಲಿ ಜೇನು ಉತ್ಪಾದಕರ ಸಹಕಾರ ಸಂಘ ಸ್ವಾತಂತ್ರ್ಯಪೂರ್ವದಿಂದ ಇದೆ; ‘ಕೊಡಗಿನ ಜೇನು’ ಎಂಬ ಮಾತು ಮನೆಮಾತಾದದ್ದು ತುಡುವೆಯ ಪೆಟ್ಟಿಗೆಗಳಿಂದ. 1991–92ರ ಸುಮಾರಿಗೆ ಆ ಪೆಟ್ಟಿಗೆಗಳು ಬರಿದಾಗತೊಡಗಿದವು. ಮರಿಹುಳುಗಳು ನೀರು ತುಂಬಿದ ಚೀಲದಂತಾಗಿ ಸಾಯುತ್ತಿದ್ದವು. ದಕ್ಷಿಣ ಭಾರತದ ತುಡುವೆ ಕುಟುಂಬಗಳಲ್ಲಿ ನೂರಕ್ಕೆ ತೊಂಬತ್ತರಷ್ಟು ನಾಶವಾದವು. ಕಾರಣ ಕೀಟನಾಶಕವಲ್ಲ, ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್. ಖಾಲಿ ಪೆಟ್ಟಿಗೆ ನೋಡಲು ಎಲ್ಲ ಕಡೆಯೂ ಒಂದೇ ತರಹ. ಬರಿಗಣ್ಣಿಗೆ ವೈರಸ್ಸಿನ ಸಾವು, ವಿಷದ ಸಾವು, ಹಸಿವಿನ ಸಾವುಗಳ ವ್ಯತ್ಯಾಸ ಯಾವಾಗಲೂ ತಿಳಿಯುವುದಿಲ್ಲ. ಸತ್ತ ನೊಣ ದೂರು ಕೊಡಬಲ್ಲದು, ಅಪರಾಧಿಯ ಹೆಸರು ಹೇಳಲಾರದು. ಹೆಸರು ಹೇಳಬಲ್ಲದ್ದು ತುಪ್ಪ ಮತ್ತು ಮೇಣದ ಪರೀಕ್ಷೆ.

ಪಕ್ಕದ ಹೊಲ, ಮೇಲಿನ ಸಜ್ಜ

ಬನಶಂಕರಿಯಿಂದ ಹೊರಟ ಅದೇ ಕನಕಪುರ ರಸ್ತೆಯಲ್ಲಿ ಮುಂದೆ ಸಾಗಿದರೆ ರೇಷ್ಮೆಯ ಸೀಮೆ ಬರುತ್ತದೆ. ಕೀಟದ ಸಾಕ್ಷ್ಯ ಎಂಬ ಮಾತನ್ನು ಅಲ್ಲಿನ ರೈತರಿಗೆ ಯಾವ ವಿಜ್ಞಾನಿಯೂ ವಿವರಿಸಬೇಕಿಲ್ಲ. ಪಕ್ಕದವರು ಟೊಮೆಟೊಗೆ ಹೊಡೆದ ಔಷಧಿ ಗಾಳಿಯಲ್ಲಿ ತೇಲಿ ಹಿಪ್ಪುನೇರಳೆ ಸೊಪ್ಪಿನ ಮೇಲೆ ಬಿತ್ತೆಂದರೆ ತಟ್ಟೆಯ ಹುಳುಗಳು ತಲೆಯೆತ್ತಿ ಒದ್ದಾಡಿ ಸಾಯುತ್ತವೆ. ಒಂದು ಬೆಳೆಯೇ ಹೋಗುತ್ತದೆ. ಹೊಗೆಸೊಪ್ಪಿನ ಹೊಲದ ಮಗ್ಗುಲಲ್ಲಿ ಹಿಪ್ಪುನೇರಳೆ ಬೆಳೆಯಬಾರದೆಂಬ ತಿಳಿವಳಿಕೆ ಇರುವುದೂ ಇದೇ ಕಾರಣಕ್ಕೆ. ರೇಷ್ಮೆಹುಳು ಸತ್ತರೆ ರೈತನ ಕಿಸೆಗೆ ಅಂದೇ ಹೊಡೆತ, ಆದ್ದರಿಂದ ಅದರ ಸಾಕ್ಷ್ಯವನ್ನು ಕೂಡಲೇ ನಂಬುತ್ತಾರೆ. ಕಾಡುಜೇನು ಸತ್ತರೆ ಯಾರ ಲೆಕ್ಕದ ಪುಸ್ತಕದಲ್ಲೂ ನಷ್ಟ ಕಾಣುವುದಿಲ್ಲ. ಎರಡು ಹುಳುಗಳಿಗೂ ನಮ್ಮ ಸಮಾಜದಲ್ಲಿ ಇರುವ ವ್ಯತ್ಯಾಸ ಇಷ್ಟೇ.

ನಗರದ ಹೆಜ್ಜೇನಿನ ಬಗ್ಗೆ ಬೆಂಗಳೂರಿನಲ್ಲಿಯೇ ಒಂದು ಮಹತ್ವದ ಅಧ್ಯಯನ ನಡೆದಿದೆ. ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಗೀತಾ ತಿಮ್ಮೇಗೌಡ, ಶಾನನ್ ಓಲ್ಸನ್ ಮತ್ತು ಸಂಗಡಿಗರು ಮೂರು ವರ್ಷ ಕಾಲ, ಗಾಳಿಯ ಮಾಲಿನ್ಯ ಬೇರೆಬೇರೆ ಮಟ್ಟದಲ್ಲಿರುವ ಸ್ಥಳಗಳಲ್ಲಿ, ಹಳದಿ ಗಂಟೆಹೂವಿನ ಟೆಕೋಮಾ ಗಿಡಗಳಿಗೆ ಬರುವ 1,800ಕ್ಕೂ ಹೆಚ್ಚು ಹೆಜ್ಜೇನು ನೊಣಗಳನ್ನು ಪರೀಕ್ಷಿಸಿ 2020ರಲ್ಲಿ ಫಲಿತಾಂಶ ಪ್ರಕಟಿಸಿದರು. ಮಾಲಿನ್ಯ ಹೆಚ್ಚಿದ ಕಡೆ ಹೂವಿಗೆ ಬರುವ ನೊಣಗಳೇ ಕಡಿಮೆ. ಅವುಗಳ ಮೈಮೇಲೆ ಸೀಸ, ಆರ್ಸೆನಿಕ್‌ನಂಥ ವಸ್ತುಗಳಿದ್ದ ಸೂಕ್ಷ್ಮ ಕಣಗಳು. ಹೃದಯದ ಬಡಿತದಲ್ಲಿ ಏರುಪೇರು. ಅಂಥ ಕಡೆ ಹಿಡಿದ ನೊಣಗಳಲ್ಲಿ ನೂರಕ್ಕೆ 80ಕ್ಕಿಂತ ಹೆಚ್ಚು ಒಂದೇ ದಿನದೊಳಗೆ ಸತ್ತವು. ಇದು ಗಾಳಿಯ ದೂಳಿನ ಅಧ್ಯಯನ, ಕೀಟನಾಶಕದ್ದಲ್ಲ. ಆದರೆ ಬೆಂಗಳೂರಿನ ಹೆಜ್ಜೇನನ್ನು ಅಳತೆಗೋಲಾಗಿ ಬಳಸಲು ಸಾಧ್ಯ ಎಂಬುದನ್ನು ಅದು ಸಂದೇಹಕ್ಕೆ ಎಡೆಯಿಲ್ಲದಂತೆ ತೋರಿಸಿತು. ಹೊರದೇಶದ ಉದಾಹರಣೆ ಬೇಕೆಂದರೆ 2019ರಲ್ಲಿ ಪ್ಯಾರಿಸಿನ ನೋತ್ರ್ ದಾಮ್ ಚರ್ಚು ಸುಟ್ಟಾಗ ಛಾವಣಿಯ ಸೀಸ ಹೊಗೆಯಾಗಿ ಯಾವ ದಿಕ್ಕಿಗೆ ಹೋಯಿತೆಂಬುದನ್ನು ಆ ನಗರದ ಜೇನುತುಪ್ಪದಿಂದಲೇ ಗುರುತಿಸಿದರು.

ಈ ಕೆಲಸಕ್ಕೆ ಬೇಕಾದುದು ಹೆಚ್ಚೇನೂ ಇಲ್ಲ. ಬನಶಂಕರಿ, ಜಯನಗರಗಳ ನಾಲ್ಕಾರು ಉದ್ಯಾನಗಳಲ್ಲಿ ಒಂದೊಂದು ತುಡುವೆ ಪೆಟ್ಟಿಗೆ. ಹೊಂಗೆ ಹೂಬಿಡುವ ಯುಗಾದಿಯ ಸುಮಾರಿಗೊಮ್ಮೆ, ಮಳೆಗಾಲ ಮುಗಿದ ಮೇಲೊಮ್ಮೆ ಒಂದು ಚಿಕ್ಕ ಸೀಸೆ ತುಪ್ಪ, ಒಂದು ಚೂರು ಮೇಣ. ಅದರ ಮೇಲೆ ಸ್ಥಳ, ತಾರೀಕು. ಶೀತಲ ಪೆಟ್ಟಿಗೆಯಲ್ಲಿಟ್ಟರೆ ಇಂದಲ್ಲದಿದ್ದರೆ ಹತ್ತು ವರ್ಷದ ನಂತರವೂ ಪರೀಕ್ಷಿಸಬಹುದು. ಹೆಬ್ಬಾಳದ ಕೃಷಿ ವಿಶ್ವವಿದ್ಯಾಲಯದಲ್ಲಿ ಜೇನು ವಿಭಾಗವೇ ಇದೆ. ನಗರದಲ್ಲಿ ಕೀಟನಾಶಕದ ಶೇಷಾಂಶ ಅಳೆಯುವ ಪ್ರಯೋಗಾಲಯಗಳಿವೆ. ಯುರೋಪಿಗೆ ಹೋಗುವ ತುಪ್ಪಕ್ಕೆ ರಫ್ತು ತಪಾಸಣಾ ಮಂಡಳಿಯ ಶೇಷಾಂಶ ನಿಗಾ ಯೋಜನೆ ಹಿಂದಿನಿಂದಲೂ ಇದೆ. ಕೊಳ್ಳುವ ದೇಶ ಕೇಳುತ್ತದೆಂದು ಮಾಡುವ ಪರೀಕ್ಷೆಯನ್ನು ನಮ್ಮ ಬಡಾವಣೆಗಾಗಿ ಮಾಡಬಾರದೆಂದೇನೂ ಇಲ್ಲ.

ಪೆಟ್ಟಿಗೆ ಇಡುವುದು ಕಷ್ಟವೆಂದರೆ ಹೆಜ್ಜೇನಂತೂ ತಾನಾಗಿಯೇ ಬರುತ್ತದೆ. ಈಗ ಅದಕ್ಕೆ ಸಿಗುವ ಸ್ವಾಗತ ಎಲ್ಲರಿಗೂ ಗೊತ್ತು. ಅಪಾರ್ಟ್‌ಮೆಂಟಿನ ಸಜ್ಜದಲ್ಲಿ ಎರಿ ಕಂಡ ಕೂಡಲೇ ಕೀಟ ನಿಯಂತ್ರಣದವರಿಗೆ ಫೋನು ಹೋಗುತ್ತದೆ. ಅವರು ರಾತ್ರಿ ಬಂದು ಔಷಧಿ ಸಿಂಪಡಿಸುತ್ತಾರೆ. ಬೆಳಗ್ಗೆ ಪೊರಕೆಯಲ್ಲಿ ಸತ್ತ ನೊಣಗಳ ರಾಶಿ. ಮಕ್ಕಳು, ಮುದುಕರು ಇರುವ ಕಡೆ ಹೆದರಿಕೆ ಸಹಜ. ಹೆಜ್ಜೇನಿನ ಕಡಿತವೇನು ತಮಾಷೆಯಲ್ಲ. ಆದರೆ ಕಲ್ಲೆಸೆಯದೆ, ಹೊಗೆ ಹಾಕದೆ ಬಿಟ್ಟ ಎರಿ 10–12 ಅಂತಸ್ತಿನ ಮೇಲೆ ಯಾರ ತಂಟೆಗೂ ಬಾರದೆ ಋತು ಕಳೆಯುವುದೇ ಹೆಚ್ಚು. ಮತ್ತು ಹಾಗೆ ಸಿಂಪಡಿಸಿದ ಎರಿಯಿಂದ ತೊಟ್ಟಿಕ್ಕುವ ತುಪ್ಪವನ್ನು ಬೇರೆ ಜೇನುಗಳು ಬಂದು ಹೀರಿಕೊಂಡು ಹೋಗುತ್ತವೆ ಎಂಬುದನ್ನೂ ತಿಳಿದಿರಬೇಕು.

ಹೆಜ್ಜೇನು ವಲಸೆ ಹೋಗುವ ಜಾತಿ. ಹೂವಿನ ಕಾಲಕ್ಕೆ ಬಂದು, ಹೂವು ತೀರಿದ ಮೇಲೆ ಇಡೀ ಹಿಂಡು ಎದ್ದು ಹೋಗುತ್ತದೆ, ಎರಿಯನ್ನು ಅಲ್ಲೇ ಬಿಟ್ಟು. ಮರುವರ್ಷ ಹಲವು ಬಾರಿ ಅದೇ ಕೊಂಬೆಗೆ, ಅದೇ ಸಜ್ಜಕ್ಕೆ ಮರಳುತ್ತದೆ. ನೊಣ ಒಂದೂ ಇಲ್ಲದ, ಯಾರನ್ನೂ ಕಚ್ಚಲಾಗದ ಆ ಖಾಲಿ ಎರಿಯ ಮೇಣದಲ್ಲಿ ಸುತ್ತಲಿನ ಹೂವು, ಗಾಳಿ, ನೀರಿನ ಆ ಋತುವಿನ ದಾಖಲೆ ಉಳಿದಿರುತ್ತದೆ. ಮೇಣದ ಪತಂಗ ಹತ್ತಿ ಹಾಳುಮಾಡುವ ಮುನ್ನ ಅದನ್ನು ಇಳಿಸಿ, ಕಟ್ಟಡದ ಹೆಸರು, ತಾರೀಕು ಬರೆದು ಪೊಟ್ಟಣ ಕಟ್ಟಲು ಹತ್ತು ನಿಮಿಷ ಸಾಕು. ಸದ್ಯಕ್ಕೆ ಅದನ್ನು ಕೆರೆದು ತೆಗೆಯುವವರು ಟ್ಯಾಂಕು ತೊಳೆಯುವವರು ಮತ್ತು ಸುಣ್ಣ ಬಣ್ಣ ಹೊಡೆಯುವವರು. ಅದು ಹೋಗುವುದು ಕಸದ ಗಾಡಿಗೆ.